ಆಲ್ಟರ್ನೇಟರಿಗೆ ಅಭಿಷೇಕ

"ಎಲ್ಲಾರೂ ಒಟ್ಟಿಗೆ ತಳ್ರೇ! ಐಲೇಸಾ!"

ಗಾದ್ರಮ್ಮ ಕೂಗಿದಳು. ಒಂಬತ್ತು ಹುಡುಗಿಯರು ಉಸಿರು ಬಿಗಿಹಿಡಿದು ತಳ್ಳಿದರು. ಕೆರೆಯಲ್ಲಿ ಬಿದ್ದುಕೊಂಡಿದ್ದ ಎಮ್ಮೆ ಮನಸ್ಸಿಲ್ಲದೆ ಎದ್ದು ಬರುವ ಹಾಗೆ ಬಿಳಿ ಅಂಬಾಸಿಡರ್ ಕಾರು ನ್ಯಾಮತಿಯ ರಸ್ತೆಯ ಮೇಲೆ ಉರುಳಿತು.

ಹತ್ತನೆಯವಳು ಬೊಮ್ಮಕ್ಕ. ಕಾರು ಅವಳ ಅಪ್ಪನದು. ಅವಳೂ ತಳ್ಳುತ್ತಿದ್ದಳು. ಆದರೆ ಕೈಗಿಂತ ಬಾಯಿಗೇ ಕೆಲಸ ಜಾಸ್ತಿ.

"ಏನಿಲ್ಲ ಕಣ್ರೇ, ಬ್ಯಾಟರಿಗೆ ಸ್ವಲ್ಪ ಸುಸ್ತಾಗೈತೆ. ನಮ್ಮ ಸೈನ್ಸ್ ಬುಕ್ಕಲ್ಲಿ ಕೊಟ್ಟಾರಲ್ಲ, ಬ್ಯಾಟರಿ ಅಂದ್ರೆ..."

"ನಿಮ್ಮ ಬ್ಯಾಟರಿಗೆ ಸುಸ್ತಾದ್ರೆ ನಮ್ಮ ರಟ್ಟೆ ಯಾಕೆ ನೋಯಬೇಕೆ?" ಅಂದಳು ಶಂಕರಮ್ಮ. "ಬಾಯಿ ಮುಚ್ಚಿ ತಳ್ಳೆ!"

ಬೊಮ್ಮಕ್ಕ ಬಾಯಿ ಮುಚ್ಚಿದಳು. ವಿಜ್ಞಾನದಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ತೆಗೆದವಳಿಗೆ ಹೀಗೆ ಹೇಳುವುದೇ? ಆದರೆ ಆ ಇಪ್ಪತ್ತನಾಲ್ಕರಿಂದ ಕಾರು ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. ಅದು ಅವಳಿಗೂ ಕಾಣುತ್ತಿತ್ತು.

ಅವರೆಲ್ಲ ಸವಳಂಗದ ಶಾಲೆಯ ಖೋ-ಖೋ ತಂಡ. ಹೊನ್ನಾಳಿಯಲ್ಲಿ ಆವತ್ತು ಮಧ್ಯಾಹ್ನ ತಾಲ್ಲೂಕು ಪಂದ್ಯ. ಬೊಮ್ಮಕ್ಕನ ಅಪ್ಪ ತಿಪ್ಪೇಶಪ್ಪ ಬಾಡಿಗೆ ಕಾರು ಓಡಿಸುವವರು. ಮಗಳು ತಂಡದಲ್ಲಿದ್ದಾಳೆ ಎಂದು ಬಾಡಿಗೆ ಬೇಡವೆಂದು ಹೇಳಿ, ಟೀಚರನ್ನೂ ಹತ್ತು ಹುಡುಗಿಯರನ್ನೂ ಭರಣಿಗೆ ಉಪ್ಪಿನಕಾಯಿ ತುಂಬಿದ ಹಾಗೆ ಕಾರಿಗೆ ತುಂಬಿಕೊಂಡು ಹೊರಟಿದ್ದರು. ಬೆಳಿಗ್ಗೆ ಸವಳಂಗದಲ್ಲೇ ಒಂದು ಸಲ ತಳ್ಳಿ ಸ್ಟಾರ್ಟ್ ಮಾಡಿದ್ದಾಗಿತ್ತು. ದಾರಿಯಲ್ಲಿ ಹಾರ್ನು ಹೊಡೆದರೆ ಬೆಕ್ಕಿನ ಮರಿ ಕೂಗಿದಂತೆ ಕೇಳಿಸಿತು. ಆಮೇಲೆ ಅದೂ ನಿಂತಿತು. ನ್ಯಾಮತಿ ಹತ್ತಿರ ಬರುವಾಗ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಬೊಮ್ಮಕ್ಕ ಓಡಿದರೆ ಆಮೆ ಹಿಂದಿರುಗಿ ನೋಡಿ "ಬಾರಮ್ಮ" ಅನ್ನಬೇಕು, ಹಾಗಿತ್ತು ಅವಳ ಓಟ. ಅಂಥವಳು ತಂಡದಲ್ಲಿ ಎಕ್ಸ್‌ಟ್ರಾ ಪ್ಲೇಯರ್ ಆದದ್ದು ಹೇಗೆ? ಹೆಸರು ಬರೆದುಕೊಂಡ ದಿನವೇ ಸಾವಂತ್ರಮ್ಮ ಟೀಚರ್ "ನಿಮ್ಮಪ್ಪನ ಕಾರು ಸಿಗುತ್ತೇನೆ?" ಎಂದು ಕೇಳಿದ್ದರು. ತಂಡದಲ್ಲಿ ಕಾರಿಗೊಂದು ಸೀಟು ಸಿಕ್ಕಿದೆ, ಕಾರಿನ ಜೊತೆ ತನಗೂ ಸಿಕ್ಕಿದೆ ಎಂದು ಬೊಮ್ಮಕ್ಕ ಲೆಕ್ಕ ಹಾಕಿದ್ದಳು. ಈಗ ಕಾರೇ ನಿಂತರೆ?

ಇನ್ನೊಂದು ಗುಟ್ಟೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

* * *

"ಬ್ಯಾಟರಿ ಬೀರಲಿಂಗಪ್ಪ" ಎಂದರೆ ನ್ಯಾಮತಿಯಲ್ಲಿ ಎಲ್ಲರಿಗೂ ಗೊತ್ತು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ತಗಡಿನ ಅಂಗಡಿ, ಅದಕ್ಕಿಂತ ದೊಡ್ಡದು ಅವರ ಗಂಟಲು.

"ಓಹೋ, ತಿಪ್ಪೇಶಣ್ಣ! ಹೋದ ವಾರ ಬ್ಯಾಟರಿ ಚಾರ್ಜ್ ಮಾಡಿ ಕೊಟ್ಟಿದ್ನಲ್ಲ, ಮತ್ತೆ ಬಂದ್ಯಾ? ಅಷ್ಟೊಂದು ಪ್ರೀತಿನಾ ನನ್ನ ಮೇಲೆ?"

"ಪ್ರೀತಿ ಇಲ್ಲ ಮಾರಾಯ, ಗಾಡಿ ನಿಂತೈತೆ. ಮಕ್ಕಳದ್ದು ಮ್ಯಾಚ್ ಐತೆ, ಬೇಗ ನೋಡು."

ಅಷ್ಟರಲ್ಲಿ ಹೊನ್ನಾಳಿ ಬಸ್ಸು ಬಂದು ನಿಂತಿತು. ಸಾವಂತ್ರಮ್ಮ ಟೀಚರ್ ಒಮ್ಮೆ ಕಾರನ್ನೂ ಒಮ್ಮೆ ಬಸ್ಸನ್ನೂ ನೋಡಿದರು.

"ತಿಪ್ಪೇಶಪ್ಪನೋರೆ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾವು ಬಸ್ಸಿಗೆ ಹೋಗ್ತೀವಿ. ಹತ್ರೇ, ಬೇಗ ಹತ್ರೇ!"

ಹುಡುಗಿಯರು ದಡದಡ ಹತ್ತಿದರು. ಗಾದ್ರಮ್ಮ ಫುಟ್‌ಬೋರ್ಡಿನ ಮೇಲೆ ನಿಂತು ಕೈ ಚಾಚಿದಳು. ಅವಳು ತಂಡದ ಕ್ಯಾಪ್ಟನ್. "ಬಾರೆ ಬೊಮ್ಮಿ!"

ಬೊಮ್ಮಕ್ಕ ಕದಲಲಿಲ್ಲ. ಕಾರಿಲ್ಲದ ಬೊಮ್ಮಕ್ಕನಿಗೆ ಅಲ್ಲಿ ಏನು ಕೆಲಸ?

"ನಾನು ಕಾರಲ್ಲೇ ಬರ್ತೀನಿ ಕಣೆ. ನೀವು ಹೋಗಿ ಇಳಿಯೋದ್ರೊಳಗೆ ಅಲ್ಲಿರ್ತೀನಿ ನೋಡು! ವಾಪಸ್ ಬರೋವಾಗ ಎಲ್ಲಾರ್ನೂ ಕೂರಿಸ್ಕೊಂಡು ಬರ್ತೀವಿ."

"ಆಟ ಶುರು ಆಗೋದ್ರೊಳಗೆ ಬಾ ಮತ್ತೆ," ಅಂದಳು ಗಾದ್ರಮ್ಮ. ಅವಳ ಮುಖ ಯಾಕೋ ಸಪ್ಪಗಾಗಿತ್ತು. ಕಂಡಕ್ಟರು ಸೀಟಿ ಊದಿದ. ಬಸ್ಸು ಹೋಯಿತು.

* * *

ಬೀರಲಿಂಗಪ್ಪ ಬಾನೆಟ್ ಎತ್ತಿದರು.

"ಡ್ಯಾಶ್‌ಬೋರ್ಡಲ್ಲಿ ಕೆಂಪು ಲೈಟು ಏನಾದ್ರೂ ಉರೀತಿತ್ತೇನಣ್ಣ?"

"ಇಲ್ಲಪ್ಪ. ಒಂದಿನಾನೂ ಕಂಡಿಲ್ಲ," ಅಂದರು ಅಪ್ಪ.

"ಹಂಗಾದ್ರೆ ಆಲ್ಟರ್ನೇಟರು ಚೆನ್ನಾಗಿರಬೇಕು. ಎದಕ್ಕೂ ನೋಡಿಬಿಡಾನ."

ಆಲ್ಟರ್ನೇಟರ್ ಎಂಬ ಮಾತು ಕೇಳಿದ್ದೇ ಬೊಮ್ಮಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಗುಟ್ಟು ಇದ್ದದ್ದೇ ಅದರಲ್ಲಿ.

ದಸರೆಗೆ ಸ್ವಲ್ಪ ಮುಂಚೆ ಅಪ್ಪ ಹಳೆಯ ಡೈನಮೋ ತೆಗೆಸಿ, ಹೊಸ ನಮೂನೆಯದು ಎಂದು ಈ ಆಲ್ಟರ್ನೇಟರನ್ನು ಹಾಕಿಸಿದ್ದರು. ಎಂಬತ್ತಾರನೇ ಇಸವಿಯಲ್ಲಿ ಅದು ಅವರ ಓಣಿಗೆಲ್ಲ ಹೊಸ ವಸ್ತು. ಅಕ್ಕಪಕ್ಕದವರೆಲ್ಲ ಬಂದು ಬಗ್ಗಿ ಬಗ್ಗಿ ನೋಡಿ ಹೋಗಿದ್ದರು. ಆಯುಧಪೂಜೆಯ ದಿನ ಕಾರಿನ ನಾಲ್ಕು ಚಕ್ರಕ್ಕೂ ಪೂಜೆ ಆಯಿತು, ಸ್ಟೇರಿಂಗಿಗೆ ಹೂವಿನ ಹಾರ ಬಿತ್ತು, ಸ್ಪ್ಯಾನರಿಗೂ ಕುಂಕುಮ ಬಂತು. ಪಾಪ, ಹೊಸದಾಗಿ ಬಂದ ಆಲ್ಟರ್ನೇಟರಿಗೆ ಮಾತ್ರ ಏನೂ ಇಲ್ಲ! ಬೊಮ್ಮಕ್ಕನ ಕರುಳು ಚುರುಕ್ ಅಂದಿತು. ಎಲ್ಲರೂ ಊಟಕ್ಕೆ ಕೂತಾಗ ಅವಳು ಒಬ್ಬಳೇ ಬಂದು, ತಂಬಿಗೆಯಲ್ಲಿದ್ದ ಕಾಯಿನೀರಿಗೆ ಸಕ್ಕರೆ, ಕುಂಕುಮ ಬೆರೆಸಿ, ಅದರ ಕಿಂಡಿಗಳೊಳಗೆ ನಿಧಾನವಾಗಿ ಎರೆದಿದ್ದಳು. "ನನ್ನನ್ನ ಖೋ-ಖೋ ಟೀಮಿಗೆ ಸೇರಿಸಪ್ಪ" ಎಂದು ಕೈಮುಗಿದಿದ್ದಳು.

ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ತಂಡದಲ್ಲಿ ಅವಳ ಹೆಸರು ಬಂತು. ಆಲ್ಟರ್ನೇಟರು ಒಲಿದಿದೆ ಎಂದು ಅವಳು ಖಚಿತ ಮಾಡಿಕೊಂಡಳು. ಇಪ್ಪತ್ತನಾಲ್ಕು ಅಂಕ ಆಗ ಎಲ್ಲಿ ಹೋಗಿತ್ತೋ!

ಬೀರಲಿಂಗಪ್ಪ ತಮ್ಮ ಅಂಗಡಿಯ ಬ್ಯಾಟರಿಯನ್ನು ಕಾರಿಗೆ ಜೋಡಿಸಿದರು. ಎಂಜಿನ್ ಹೊತ್ತಿಕೊಂಡಿತು. ಬ್ಯಾಟರಿಯ ಎರಡು ತುದಿಗೆ ವೈರು ಸಿಕ್ಕಿಸಿ ಒಂದು ಬಲ್ಬನ್ನು ಬೊಮ್ಮಕ್ಕನ ಕೈಗೆ ಕೊಟ್ಟರು.

"ನೋಡವ್ವ, ಬ್ಯಾಟರಿ ಅಂದ್ರೆ ನೀರಿನ ಹಂಡೆ ಇದ್ದಂಗೆ. ಆಲ್ಟರ್ನೇಟರು ಬಾವಿಯಿಂದ ಸೇದಿ ಸೇದಿ ಹಂಡೆ ತುಂಬೋದು. ನಿಮ್ಮಪ್ಪ ಎಕ್ಸಲೇಟರ್ ತುಳಿದಾಗ ಬಲ್ಬಿನ ಬೆಳಕು ಜಾಸ್ತಿ ಆದ್ರೆ ಹಂಡೆ ತುಂಬ್ತಾ ಐತೆ ಅಂತ. ಆಗಲಿಲ್ಲ ಅಂದ್ರೆ ಸೇದೋನೇ ಮಲಗ್ಯಾನೆ ಅಂತ. ಕಣ್ಣು ಮಿಟುಕಿಸದೆ ನೋಡು."

ಅಪ್ಪ ಎಕ್ಸಲೇಟರ್ ತುಳಿದರು. ಎಂಜಿನ್ ಗುರ್ರ್ ಅಂದಿತು. ಬೊಮ್ಮಕ್ಕ ಬಲ್ಬನ್ನು ನೋಡಿದಳು. ಅದು ಇದ್ದ ಹಾಗೇ ಇತ್ತು.

"ಜಾಸ್ತಿ ಆಯ್ತಾ?"

"ಆಯ್ತು ಮಾಮ!" ಅಂದಳು ಬೊಮ್ಮಕ್ಕ.

"ನಿಜವಾಗ್ಲೂ?"

"ಒಂಚೂರು... ಆಯ್ತು."

ಆಗಲಿಲ್ಲ ಎಂದರೆ ಅದನ್ನು ಬಿಚ್ಚುತ್ತಾರೆ. ಬಿಚ್ಚಿದರೆ ಒಳಗಿನ ಸಕ್ಕರೆ ಹೊರಗೆ ಬರುತ್ತದೆ. ಬೊಮ್ಮಕ್ಕನ ತಲೆ ಅಷ್ಟು ದೂರ ಓಡಿತ್ತು. ಕಾಲು ಮಾತ್ರ ಓಡುವುದಿಲ್ಲ, ತಲೆಗೇನೂ ಕಮ್ಮಿಯಿಲ್ಲ.

"ಹಂಗಾದ್ರೆ ವೈರಿನಲ್ಲೇ ಎಲ್ಲೋ ಐಬೈತೆ," ಎಂದು ಬೀರಲಿಂಗಪ್ಪ ವೈರುಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದರು. ಬ್ಯಾಟರಿಯ ತುದಿಗಳನ್ನು ಉಜ್ಜಿದರು, ಕೆರೆದರು, ಬಿಗಿ ಮಾಡಿದರು. ಕಾರಿನಡಿ ಮಲಗಿ ಎದ್ದರು. ಹೊತ್ತು ಏರುತ್ತಾ ಹೋಯಿತು. ಇನ್ನೊಂದು ಹೊನ್ನಾಳಿ ಬಸ್ಸು ಬಂತು, ಅದೂ ಹೋಯಿತು. ಬೊಮ್ಮಕ್ಕ ಉಗುರು ಕಚ್ಚುತ್ತಾ ನಿಂತಳು. ಅವಳಾಡಿದ ಸುಳ್ಳು ಚಿಕ್ಕದು. ಅದನ್ನು ನಂಬಿ ಎರಡು ದೊಡ್ಡ ಜೀವಗಳು ಬೆವರಿನಲ್ಲಿ ತೊಯ್ದು ಹೋಗಿದ್ದವು.

ಕೊನೆಗೆ ಬೀರಲಿಂಗಪ್ಪ ಡ್ರೈವರ್ ಸೀಟಿನಲ್ಲಿ ಕೂತು, ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿ ಕೈ ಒರೆಸಿಕೊಂಡರು. ಕಣ್ಣು ಕಿರಿದು ಮಾಡಿದರು.

"ಅಣ್ಣ, ಆ ಕೆಂಪು ಲೈಟು ಇರೋದಾದ್ರೂ ಎಲ್ಲಿ?"

"ಅಲ್ಲೇ ಐತಲ್ಲ, ಮೀಟರಲ್ಲಿ. ವಿಭೂತಿ ಕೆಳಗೆ."

ಮೀಟರಿನ ಗಾಜಿನ ಮೇಲೆ ಮೂರು ಬೆರಳಿನಲ್ಲಿ ಎಳೆದ ದಪ್ಪ ವಿಭೂತಿ ಪಟ್ಟೆ ಮೆತ್ತಿತ್ತು. ಆಯುಧಪೂಜೆಯ ದಿನ ಅಜ್ಜಿ ಉಚ್ಚಂಗಮ್ಮ ನೀರಲ್ಲಿ ಕಲಸಿ ಹಚ್ಚಿದ್ದು. ಪೂಜೆಯ ವಿಭೂತಿಯನ್ನು ಯಾರೂ ಒರೆಸುವ ಹಾಗಿಲ್ಲ, ತಾನಾಗೇ ಉದುರಬೇಕು. ಅಷ್ಟು ದಿನದಿಂದ ಅಪ್ಪ ಸ್ಪೀಡನ್ನೂ ಅಂದಾಜಿನ ಮೇಲೇ ನೋಡಿಕೊಂಡು ಓಡಿಸುತ್ತಿದ್ದರು.

"ಒರೆಸಣ್ಣ," ಅಂದರು ಬೀರಲಿಂಗಪ್ಪ.

"ನೀನೇ ಒರೆಸಪ್ಪ."

"ನಾನ್ಯಾಕೆ? ನಿಮ್ಮವ್ವ ಹಚ್ಚಿದ್ದು!"

ಬೊಮ್ಮಕ್ಕ ಅಂಗಡಿಯೊಳಗೆ ಇಣುಕಿದಳು. ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆಯ ಮೀಟರಿನ ಮುಖಕ್ಕೂ ಮೂರು ಪಟ್ಟೆ ಇತ್ತು.

"ಮಾಮ, ಅದರ ಮುಳ್ಳು ನಿಮಗೆ ಹೆಂಗೆ ಕಾಣ್ತೈತೆ?"

ಬೀರಲಿಂಗಪ್ಪ ತಲೆ ಕೆರೆದುಕೊಂಡರು. "ಕಾಣಲ್ಲವ್ವ. ಅದಕ್ಕೇ ಬಲ್ಬು ಹಿಡಿದು ನೋಡೋದು."

ಇಬ್ಬರು ದೊಡ್ಡವರೂ ಗಾಜನ್ನೇ ನೋಡುತ್ತಾ ಕೂತರು. ಬೊಮ್ಮಕ್ಕ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೆರಳನ್ನು ನೆನೆಸಿಕೊಂಡು, ಒಂದು ಮೂಲೆಯಲ್ಲಿ ನಾಲ್ಕಾಣೆಯಷ್ಟಗಲ ಒರೆಸಿದಳು. ಬೆರಳಿಗೆ ಬಂದ ವಿಭೂತಿಯನ್ನು ಕೆಳಗೆ ಬೀಳಿಸದೆ ತನ್ನ ಹಣೆಗೇ ಹಚ್ಚಿಕೊಂಡಳು.

ಒಳಗೆ ಕೆಂಪು ದೀಪ ಮಿಣುಮಿಣು ಉರಿಯುತ್ತಿತ್ತು.

"ಅಯ್ಯೋ ಶಿವನೇ!" ಅಂದರು ಬೀರಲಿಂಗಪ್ಪ. "ಎಂಜಿನ್ ಓಡುವಾಗ ಇದು ಆರಿರಬೇಕು. ಇದು ದಿನಾ ಕೂಗಿ ಕೂಗಿ ಹೇಳೈತೆ, ನೀವು ಅದರ ಬಾಯಿಗೆ ವಿಭೂತಿ ತುಂಬೀರಿ! ಸೇದೋನು ಮಲಗ್ಯಾನೆ, ಇದ್ದ ನೀರೆಲ್ಲ ಖಾಲಿ." ಆಮೇಲೆ ಬೊಮ್ಮಕ್ಕನ ಕಡೆ ತಿರುಗಿದರು. "ಅಲ್ಲವ್ವ, ಬಲ್ಬಿನ ಬೆಳಕು ಜಾಸ್ತಿ ಆಯ್ತು ಅಂದ್ಯಲ್ಲ?"

ಬೊಮ್ಮಕ್ಕ ಕಾಲಿನ ಹೆಬ್ಬೆರಳಿಂದ ನೆಲ ಕೆರೆದಳು. "ಆಗ್ಲಿ ಅಂತ ಅಂದೆ ಮಾಮ."

* * *

ಬೀರಲಿಂಗಪ್ಪ ಬೆಲ್ಟು ಸಡಿಲ ಮಾಡಿ, ಬೋಲ್ಟು ಬಿಚ್ಚಿ, ಆಲ್ಟರ್ನೇಟರನ್ನು ಕೆಳಗಿಳಿಸಿದರು. ಗೋಣಿತಾಟಿನ ಮೇಲಿಟ್ಟು ಅದರ ಹಿಂಬದಿ ತೆಗೆದರು. ಮೂವರೂ ಬಗ್ಗಿದರು.

ಒಳಗೆಲ್ಲ ಕೆಂಪು ಅಂಟು. ಅಂಟಿನಲ್ಲಿ ಸಿಕ್ಕಿ ಸತ್ತ ಇರುವೆಗಳು. ಒಂದೆರಡಕ್ಕೆ ಇನ್ನೂ ಜೀವ ಇತ್ತು, ಅವು ಗಾಬರಿಯಿಂದ ಬೊಮ್ಮಕ್ಕನ ಕಾಲ ಕಡೆಗೇ ಬಂದವು. ಯಾರು ಕರೆದದ್ದು ಎಂದು ಅವಕ್ಕೆ ಗೊತ್ತಿದ್ದ ಹಾಗೆ.

"ಇದೇನಣ್ಣ, ಆಲ್ಟರ್ನೇಟರೋ ಜಿಲೇಬಿಯೋ?" ಬೀರಲಿಂಗಪ್ಪ ಮೂಸಿ ನೋಡಿದರು. "ಈ ಎರಡು ಕಾರ್ಬನ್ ತುಂಡು ಒಳಗೂ ಹೊರಗೂ ಆಡ್ತಿರಬೇಕು, ಅಂಟಿಗೆ ಹಂಗೇ ಹಿಡ್ಕೊಂಡಾವೆ. ಸುತ್ತಿದ ತಂತಿನೂ ಸುಟ್ಟೈತೆ. ಇದು ತೊಳೆದ್ರೆ ಹೋಗೋದಲ್ಲ, ಬದಲಾಯಿಸ್ಬೇಕು. ಯಾರಪ್ಪ ಮಾಡಿದ್ದು ಇದನ್ನ?"

ಬೊಮ್ಮಕ್ಕನ ಕಣ್ಣು ತುಂಬಿತು. "ನಾನು ಅಪ್ಪಾ. ಕಾಯಿನೀರು ಎರೆದೆ. ಸಕ್ಕರೆ ಹಾಕಿ. ಪೂಜೆ ದಿನ. ಅದಕ್ಕೊಂದಕ್ಕೆ ಯಾರೂ ಪೂಜೆ ಮಾಡಿರಲಿಲ್ಲ..."

ಅಪ್ಪ ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡಳು. ಬೈಗುಳ ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದರೆ ಅಪ್ಪ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಿದ್ದರು.

"ಯಾರೂ ಮಾಡಿರಲಿಲ್ಲ ಅಂತಲ್ಲ," ಅಂದರು ನಿಧಾನಕ್ಕೆ. "ಆವತ್ತು ನಸುಕಲ್ಲಿ ನಾನೂ... ಒಂದು ಲೋಟ ಪಂಚಾಮೃತ..."

ಬೀರಲಿಂಗಪ್ಪ ನಗುತ್ತಾ ನಗುತ್ತಾ ಟಯರಿನ ಮೇಲೆ ಕೂತುಬಿಟ್ಟರು. "ಹೋದ ವಾರ ನಾನೂ ಬ್ಯಾಟರಿ ಒಂದು ನೋಡಿ ಕಳಿಸ್ದೆ, ಇದನ್ನ ಮುಟ್ಟಲಿಲ್ಲ. ಮೂರೂ ಜನ ಒಂದೇ ತಕ್ಕಡಿಗೆ ಸರಿ ಹೋಗ್ತೀವಿ ಬಿಡಣ್ಣ!"

ಅವರ ಹತ್ತಿರ ರಿಪೇರಿ ಮಾಡಿಟ್ಟ ಇನ್ನೊಂದು ಆಲ್ಟರ್ನೇಟರ್ ಇತ್ತು. ಅದನ್ನು ಕೂರಿಸಿದರು. ಬೊಮ್ಮಕ್ಕ ಸ್ಪ್ಯಾನರ್ ಎತ್ತಿ ಎತ್ತಿ ಕೊಟ್ಟಳು. ಬೆಲ್ಟು ಹಾಕಿದ ಮೇಲೆ ಹೆಬ್ಬೆರಳಿಂದ ಒತ್ತಿ ನೋಡುವುದನ್ನು ಅವಳಿಗೇ ಬಿಟ್ಟರು. ಬೆಲ್ಟು ಸ್ವಲ್ಪ ಬಗ್ಗಬೇಕು, ಜೋತು ಬೀಳಬಾರದು.

ಮತ್ತೆ ಬಲ್ಬು ಕೈಗೆ ಬಂತು. ಅಪ್ಪ ಎಕ್ಸಲೇಟರ್ ತುಳಿದರು. ಬಲ್ಬು ಝಗ್ಗೆಂದು ಬೆಳಗಿತು.

"ಜಾಸ್ತಿ ಆಯ್ತಾ? ನಿನಗೆ ಬೇಕಾದಂಗೆ ಹೇಳ್ಬ್ಯಾಡ ಮತ್ತೆ!"

"ಆಯ್ತು ಮಾಮ. ನೀವೇ ಬಂದು ನೋಡ್ರಿ!"

ಗಾಜಿನ ಮೂಲೆಯಲ್ಲಿ ಕೆಂಪು ದೀಪ ಆರಿತ್ತು.

* * *

ಹೊನ್ನಾಳಿಯ ಮೈದಾನಕ್ಕೆ ಹೋದಾಗ ಅದು ಅರ್ಧ ಖಾಲಿಯಾಗಿತ್ತು. ಸುಣ್ಣದ ಗೆರೆಗಳನ್ನು ಯಾರೋ ತುಳಿದು ಅಳಿಸಿದ್ದರು. ಹುಡುಗಿಯರು ಬೇವಿನ ಮರದಡಿ ಕೂತಿದ್ದರು. ಶಂಕರಮ್ಮನ ಪಾದಕ್ಕೆ ಒದ್ದೆ ಬಟ್ಟೆ ಸುತ್ತಿತ್ತು.

ಬೊಮ್ಮಕ್ಕ ಹಾರ್ನು ಹೊಡೆಸಿದಳು. "ಪೋಂ!" ಎಂದು ಇಡೀ ಮೈದಾನಕ್ಕೆ ಕೇಳಿಸಿತು. ಅವಳು ರಾಣಿಯ ಹಾಗೆ ಇಳಿದಳು. "ಕಾರು ರೆಡಿ ಕಣ್ರೇ!"

ಯಾರೂ ಏಳಲಿಲ್ಲ.

"ಒಂದೇ ಪಾಯಿಂಟಲ್ಲಿ ಸೋತ್ವಿ," ಅಂದಳು ಶಂಕರಮ್ಮ. "ಮೊದಲನೇ ಆಟದಲ್ಲೇ ನನ್ನ ಕಾಲು ಉಳುಕ್ತು. ಆಮೇಲೆ ಎಂಟೇ ಜನ ಆಡಿದ್ವಿ."

"ನಿನ್ನ ಹೆಸರು ಕೂಗಿದ್ರು," ಅಂದಳು ಗಾದ್ರಮ್ಮ. ಅವಳ ಕಣ್ಣು ಕೆಂಪಾಗಿತ್ತು. "ಮೈಕಲ್ಲಿ. ಎರಡು ಸಲ ಕೂಗಿದ್ರು. ನಾನು ಗೇಟಿನ ತನಕ ಓಡಿ ಬಂದು ನೋಡಿದೆ."

"ನನ್ನ ಹೆಸರಾ?" ಬೊಮ್ಮಕ್ಕನಿಗೆ ಅರ್ಥವಾಗಲಿಲ್ಲ. "ನಾನು ಬಂದು ಏನು ಮಾಡ್ತಿದ್ದೆ? ನನಗೆ ಓಡಾಕೆ ಬರಲ್ವಲ್ಲೇ."

"ಓಡಾಕೆ ಬರಲ್ಲ, ಅದು ಇಡೀ ಸವಳಂಗಕ್ಕೇ ಗೊತ್ತು," ಗಾದ್ರಮ್ಮ ಸಿಡುಕಿದಳು. "ಆದ್ರೆ ಖೋ ಅನ್ನೋದ್ರೊಳಗೆ ಎದ್ದಿರ್ತೀಯ ನೀನು. ಈ ಶಂಕ್ರಿ ಬೆನ್ನಿಗೆ ಮೂರು ಸಲ ಗುದ್ದಬೇಕು. ಅದಕ್ಕೇ ನಾನು ಟೀಚರ್ ಹತ್ರ ಹಟ ಮಾಡಿ ನಿನ್ನ ಹೆಸರು ಬರೆಸಿದ್ದು."

"ಕಾರು..." ಅಂದಳು ಬೊಮ್ಮಕ್ಕ.

"ಕಾರೇನು ಖೋ ಕೊಟ್ರೆ ಏಳ್ತೈತೇನೆ? ಬೆಳಿಗ್ಗೆ ನೋಡಿದ್ವಲ್ಲ, ಹತ್ತು ಜನ ತಳ್ಳಿದ್ರೂ ಏಳಲಿಲ್ಲ!"

ಮೊದಲು ಶಂಕರಮ್ಮ ನಕ್ಕಳು. ಆಮೇಲೆ ಸಾವಂತ್ರಮ್ಮ ಟೀಚರ್ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಗಾದ್ರಮ್ಮನಿಗೂ ತಡೆಯಲಾಗಲಿಲ್ಲ. ಎಲ್ಲರೂ ನಕ್ಕರು. ಬೊಮ್ಮಕ್ಕನೂ ನಕ್ಕಳು. ಆದರೂ ಫುಟ್‌ಬೋರ್ಡಿನ ಮೇಲಿಂದ ಚಾಚಿದ್ದ ಆ ಕೈ ಅವಳಿಗೆ ಮತ್ತೆ ಮತ್ತೆ ಕಾಣುತ್ತಿತ್ತು.

* * *

ಕಾರು ಸವಳಂಗ ಮುಟ್ಟಿದಾಗ ಸಂಜೆಯಾಗುತ್ತಿತ್ತು. ಮನೆ ಮುಂದೆ ಅಜ್ಜಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಹೊಸ ಆಲ್ಟರ್ನೇಟರಿನ ಸುದ್ದಿ ನ್ಯಾಮತಿ ಬಸ್ಸಿನಲ್ಲಿ ಅವರಿಗಿಂತ ಮುಂಚೆ ಊರು ಸೇರಿತ್ತು.

"ತಗಿಯೋ ತಿಪ್ಪೇಶಿ, ಅದರ ಮುಚ್ಚಳ ತಗಿ. ಈ ಸಲ ಚೆನ್ನಾಗಿ ಪೂಜೆ ಮಾಡಾನ. ಹೋದ ಸಲ ಯಾರಿಗೂ ಹೇಳದಂಗೆ ಒಂದು ತಂಬಿಗೆ ಹಾಲು ಎರೆದಿದ್ದೆ ಅದಕ್ಕೆ. ಅಷ್ಟು ಸಾಲಲಿಲ್ಲೇನೋ!"

ಅಪ್ಪ ಬೊಮ್ಮಕ್ಕನ ಮುಖ ನೋಡಿದರು. ಬೊಮ್ಮಕ್ಕ ಅಪ್ಪನ ಮುಖ ನೋಡಿದಳು. ಇಬ್ಬರೂ ಬಾನೆಟ್ಟಿಗೆ ಬೆನ್ನು ಕೊಟ್ಟು ಗಟ್ಟಿಯಾಗಿ ಒರಗಿ ನಿಂತರು.

"ಮೇಲಿಂದಾನೇ ಆರತಿ ಎತ್ತವ್ವ. ಒಳಗೆ ನಿದ್ದೆ ಮಾಡ್ತೈತೆ," ಅಂದರು ಅಪ್ಪ.

ಅಜ್ಜಿ ಆರತಿ ಎತ್ತಿದಳು. ಆಮೇಲೆ ಕಿಟಕಿಯಿಂದ ಇಣುಕಿ, ತಾನು ಹಚ್ಚಿದ ವಿಭೂತಿಯಲ್ಲಿ ನಾಲ್ಕಾಣೆಯಷ್ಟು ತೂತು ಬಿದ್ದದ್ದನ್ನು ಕಂಡಳು. "ಇದೇನೇ ಇದು?"

"ಅಲ್ಲೊಂದು ಕೆಂಪು ದೀಪ ಐತಜ್ಜಿ."

"ಮತ್ತೆ ಆ ದೀಪ ಯಾಕೆ ಹಚ್ಚಿಲ್ಲ?"

ದೀಪ ಆರಿತು ಎಂಬ ಅಪಶಕುನದ ಮಾತು ಅಜ್ಜಿ ಬಾಯಲ್ಲಿ ಎಂದೂ ಬರುವುದಿಲ್ಲ. ಬೇರೆಯವರು ಅಂದರೂ ಬೈಯುತ್ತಾಳೆ. ಬೊಮ್ಮಕ್ಕ ಅಜ್ಜಿಯ ಮಾತನ್ನೇ ಎತ್ತಿಕೊಂಡಳು.

"ಶಾಂತ ಆಗೈತಜ್ಜಿ. ಅದು ಶಾಂತ ಇದ್ರೇನೇ ಒಳ್ಳೇದಂತೆ."

ರಸ್ತೆಯ ಆ ಕಡೆಯಿಂದ ಗಾದ್ರಮ್ಮನ ಗಂಟಲು ಕೇಳಿಸಿತು. "ಬೊಮ್ಮೀ! ನಾಳೆ ಬೆಳಿಗ್ಗೆ ಪ್ರಾಕ್ಟೀಸು! ಬರಲಿಲ್ಲ ಅಂದ್ರೆ ನೋಡು!"

"ಬರ್ತೀನಿ ಕಣೇ! ನಡಕೊಂಡೇ ಬರ್ತೀನಿ!"

ಅಜ್ಜಿ, ಅಪ್ಪ ಒಳಗೆ ಹೋದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಬೊಮ್ಮಕ್ಕ ಕಾರಿನ ಕಡೆ ಬೆನ್ನು ಮಾಡಿ, ಮೈದಾನದಲ್ಲಿ ಕೂರುವ ಹಾಗೆ ಕುಕ್ಕರಗಾಲಿನಲ್ಲಿ ಕೂತಳು. ಕೈ ನೆಲಕ್ಕೂರಿದಳು. ತನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ಖೋ" ಅಂದಳು.

ಹೇಳಿ ಮುಗಿಯುವ ಮೊದಲೇ ಅವಳು ಎದ್ದು ನಿಂತಿದ್ದಳು.